ತುಪ್ಪ ಕೊಡದ ಜೇನಿನ ಲೆಕ್ಕ ಯಾರ ಬಳಿ ಇದೆ?

ವಿಶ್ವ ಜೇನು ದಿನವಾದ ಮೇ 20 ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಒಂದು ಪುಟದಲ್ಲಿ ಜೇನು ಪೆಟ್ಟಿಗೆಗೆ ಸಹಾಯಧನ, ತರಬೇತಿ ಶಿಬಿರ, ಜೇನುತುಪ್ಪದ ಉತ್ಪಾದನೆಯಲ್ಲಿ ಏರಿಕೆ. ಇನ್ನೊಂದು ಪುಟದಲ್ಲಿ ಜೇನು ನಶಿಸುತ್ತಿದೆ, ಪರಾಗಸ್ಪರ್ಶಕ್ಕೆ ಕುತ್ತು ಬಂದಿದೆ ಎಂಬ ಎಚ್ಚರಿಕೆ. ಶಿರಸಿಯ ಅಡಿಕೆ ಬೆಳೆಗಾರರಾಗಲಿ, ಅಂಕೋಲೆಯಲ್ಲಿ ತರಕಾರಿ ಬೆಳೆಯುವ ಹಾಲಕ್ಕಿ ಹೆಂಗಸರಾಗಲಿ, ಎರಡನ್ನೂ ಕೇಳಿದವರಿಗೆ ಏಳುವ ಪ್ರಶ್ನೆ ನ್ಯಾಯವಾದದ್ದೇ: ಜೇನು ಹೆಚ್ಚುತ್ತಿದೆಯೋ, ಕಡಿಮೆಯಾಗುತ್ತಿದೆಯೋ?

ಎರಡೂ ಸುದ್ದಿಗೆ ಆಧಾರವಿದೆ. ಆದರೆ ಅವು ಹೇಳುತ್ತಿರುವುದು ಬೇರೆ ಬೇರೆ ಜೀವಿಗಳ ಕಥೆ. ಗೊಂದಲದ ಅರ್ಧ ಪಾಲು ನಮ್ಮ ಮಾತಿನಲ್ಲೇ ಇದೆ. ಕನ್ನಡದಲ್ಲಿ ಹುಳವೂ ಜೇನು, ಹುಳ ಕೂಡಿಟ್ಟ ಸಿಹಿಯೂ ಜೇನು. ಹಾಗಾಗಿ ಸಿಹಿ ಕೊಡದ ಹುಳ ಜೇನೇ ಅಲ್ಲವೆಂಬ ತೀರ್ಮಾನ ನಮಗೆ ಗೊತ್ತಿಲ್ಲದೆಯೇ ಆಗಿಹೋಗಿದೆ. ಸರ್ಕಾರಿ ಯೋಜನೆಗಳ ಲೆಕ್ಕಪುಸ್ತಕವೂ ಇದೇ ವ್ಯಾಕರಣವನ್ನು ಪಾಲಿಸುತ್ತಿದೆ.

ಒಂದೇ ಪದದೊಳಗೆ ಅಡಗಿದವರು

ಘಟ್ಟದ ಮೇಲಿನ ಯಾವ ಹಳ್ಳಿಯಲ್ಲಿ ಕೇಳಿದರೂ ನಾಲ್ಕು ಹೆಸರು ಸಿಗುತ್ತವೆ. ಎತ್ತರದ ಮರಕ್ಕೋ ಬಂಡೆಗೋ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ ಸಾಲಾಗಿ ಎರಿ ಕಟ್ಟುವ, ಪೆಟ್ಟಿಗೆಗೂ ಒಗ್ಗುವ ತುಡುವೆ. ಗಿಡದ ಕಡ್ಡಿಗೆ ಅಂಗೈಯಗಲದ ಎರಿ ತೂಗುಬಿಡುವ ಕೋಲುಜೇನು. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯನ್ನೇ ಬಾಗಿಲು ಮಾಡಿಕೊಂಡು ಕೂರುವ, ಚುಚ್ಚಲು ಬಾರದ ಮಿಸ್ರಿ. ಐದನೆಯದು ಮೆಲ್ಲಿಫೆರಾ. ಅದು 1962ರಲ್ಲಿ ಹಿಮಾಚಲ ಪ್ರದೇಶದ ನಗ್ರೋಟಾದಲ್ಲಿ ನೆಲೆಯೂರಿಸಿದ ಯುರೋಪಿನ ಜೇನು. ದೇಶದ ಜೇನುತುಪ್ಪದ ಅಂಕಿಅಂಶ ಮೇಲೇರುವುದಕ್ಕೆ ಬಯಲುಸೀಮೆಗಳಲ್ಲಿ ಹೂವು ಅರಸಿ ಲಾರಿಯಲ್ಲಿ ಸಂಚರಿಸುವ ಈ ಜೇನಿನ ಪೆಟ್ಟಿಗೆಗಳೇ ಮುಖ್ಯ ಕಾರಣ. ನಮ್ಮ ಜಡಿಮಳೆಗೆ ಅದು ಅಷ್ಟಾಗಿ ಒಗ್ಗಿದ್ದಲ್ಲ.

ಈ ಐದೂ ತುಪ್ಪ ಕೂಡಿಡುತ್ತವೆ, ಆದ್ದರಿಂದ ಐದಕ್ಕೂ ಹೆಸರಿದೆ. ಆದರೆ ಜಗತ್ತಿನಲ್ಲಿ ಗುರುತಿಸಿರುವ ಜೇನಿನ ಪ್ರಭೇದಗಳು 20,000ಕ್ಕೂ ಹೆಚ್ಚು, ಭಾರತದಲ್ಲಿ 700ಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲಿಗೆ ರಾಣಿಯಿಲ್ಲ, ಸೈನ್ಯವಿಲ್ಲ, ಎರಿಯಿಲ್ಲ. ಒಂದು ಹೆಣ್ಣು ಒಂಟಿಯಾಗಿ ನೆಲದಲ್ಲಿ ಬಿಲ ತೋಡುತ್ತದೆ ಅಥವಾ ಒಣಕೋಲಿನ ಟೊಳ್ಳು ಹುಡುಕುತ್ತದೆ. ಪರಾಗ, ಮಕರಂದ ಕಲಸಿ ಉಂಡೆ ಕಟ್ಟುತ್ತದೆ, ಅದರ ಮೇಲೊಂದು ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ. ಹೀಗೆ ಕೆಲವು ಕೋಣೆ ತುಂಬಿಸುವುದರಲ್ಲಿ ಅದರ ಆಯುಷ್ಯ ಮುಗಿಯುತ್ತದೆ. ಮನುಷ್ಯ ಕದಿಯಬಹುದಾದದ್ದು ಅಲ್ಲಿ ಏನೂ ಇರುವುದಿಲ್ಲ.

ನೋಡಿದವರು ಇಲ್ಲವೆಂದಲ್ಲ. ಹಂಚಿನ ಮಾಡಿನ ಮರಕ್ಕೆ ದುಂಡನೆಯ ತೂತು ಕೊರೆಯುವ ಕಪ್ಪು ದುಂಬಿ ಜೇನಿನ ಜಾತಿಯದೇ. ಗುಲಾಬಿ ಎಲೆಯ ಅಂಚನ್ನು ನಾಣ್ಯದ ಅಳತೆಯಲ್ಲಿ ಕತ್ತರಿಸಿ ಒಯ್ಯುವುದೂ ಒಂದು ಜೇನು. ತುಳಸಿಕಟ್ಟೆಯ ಸುತ್ತ ಕ್ಷಣ ನಿಂತು ಕ್ಷಣ ಮಾಯವಾಗುವ, ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆಯಿರುವ ಚುರುಕಿನ ಹುಳವೂ ಜೇನೇ. ನಮ್ಮ ಪಾಲಿಗೆ ಇವೆಲ್ಲ ದುಂಬಿ, ನೊಣ, ಕಣಜ, ಇಲ್ಲವೇ ಬರೀ ಹುಳ.

ಹಾಗಾಗಿ ಪೆಟ್ಟಿಗೆಗಳ ಸಂಖ್ಯೆ ನೋಡಿ ಜೇನು ಹೆಚ್ಚಿತು ಎನ್ನುವುದು, ಸಿಗಡಿ ಕೆರೆಯ ಫಸಲು ನೋಡಿ ಅಘನಾಶಿನಿಯಲ್ಲಿ ಮೀನು ಚೆನ್ನಾಗಿದೆ ಎಂದಂತೆ. ಕೆರೆಯ ಲೆಕ್ಕ ಸುಳ್ಳಲ್ಲ. ಅದು ಹೊಳೆಯ ಲೆಕ್ಕವಲ್ಲ, ಅಷ್ಟೆ.

ಅಡಿಕೆಗೆ ಜೇನು ಬೇಕೇ?

ಇಲ್ಲಿ ಬೆಳೆಗಾರರು ಎತ್ತುವ ತಕರಾರನ್ನು ಮೊದಲು ನೇರವಾಗಿ ಎದುರಿಸಬೇಕು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಬದುಕು ನಿಂತಿರುವುದು ಅಡಿಕೆಯ ಮೇಲೆ. ಅಡಿಕೆಯ ಸಿಂಗಾರದಲ್ಲಿ ಗಂಡುಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣುಹೂಗಳು ಆಮೇಲೆ ಅರಳುತ್ತವೆ. ಆದ್ದರಿಂದ ಪರಾಗ ಬೇರೆ ಮರದಿಂದ ಬರಬೇಕು, ಅದನ್ನು ತರುವುದು ಮುಖ್ಯವಾಗಿ ಗಾಳಿ. ಜೇನು ಸಿಂಗಾರಕ್ಕೆ ಮುತ್ತುವುದು ತನ್ನ ಹೊಟ್ಟೆಪಾಡಿಗೆ. ಕಾಳುಮೆಣಸು ತನ್ನ ಪರಾಗವನ್ನು ಮಳೆಹನಿ, ಇಬ್ಬನಿಯ ನೆರವಿನಿಂದ ತೆನೆಯಲ್ಲೇ ಕೆಳಗಿಳಿಸಿಕೊಳ್ಳುತ್ತದೆ. ಗದ್ದೆಯ ಭತ್ತಕ್ಕೂ, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತಕ್ಕೂ ಯಾವ ಹುಳದ ಹಂಗಿಲ್ಲ. ಜೇನು ಸತ್ತರೆ ಮನುಷ್ಯ ನಾಲ್ಕೇ ವರ್ಷ ಬದುಕುತ್ತಾನೆಂದು ಐನ್‌ಸ್ಟೈನ್ ಹೇಳಿದನೆಂಬ ಫಲಕವೊಂದು ಪ್ರತಿ ಜೇನು ದಿನಾಚರಣೆಯಲ್ಲೂ ತೂಗುತ್ತದೆ. ಆತ ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ, ಹೇಳಿದ್ದರೂ ಅದು ನಿಜವಾಗುತ್ತಿರಲಿಲ್ಲ. ಅನ್ನ ಉಳಿಯುತ್ತದೆ. ಬಟ್ಟಲಲ್ಲಿ ಉಳಿದದ್ದು ಏನಿರುತ್ತದೆ ಎಂಬುದು ಪ್ರಶ್ನೆ.

ಐಪಿಬಿಇಎಸ್ ಎಂಬ ಅಂತರಸರ್ಕಾರಿ ಜೀವವೈವಿಧ್ಯ ವೇದಿಕೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಶೇ 75ರಷ್ಟು ಅಲ್ಪಸ್ವಲ್ಪವಾದರೂ ಪ್ರಾಣಿಗಳ ಪರಾಗಸ್ಪರ್ಶವನ್ನು ನೆಚ್ಚಿವೆ. ಆದರೆ ಒಟ್ಟು ಉತ್ಪಾದನೆಯಲ್ಲಿ ನೇರವಾಗಿ ಅದರಿಂದಲೇ ಬರುವ ಪಾಲು ಶೇ 5ರಿಂದ 8. ಮೊದಲ ಸಂಖ್ಯೆಯನ್ನು ಹೆದರಿಸುವವರು ಬಳಸುತ್ತಾರೆ, ಎರಡನೆಯದನ್ನು ತಳ್ಳಿಹಾಕುವವರು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಚಿತ್ರ ತಿಳಿಯಾಗುತ್ತದೆ: ಹೊಟ್ಟೆ ತುಂಬಿಸುವ ಧಾನ್ಯಕ್ಕೆ ಜೇನು ಬೇಡ, ತರಕಾರಿ, ಹಣ್ಣು, ಸಾಂಬಾರಕ್ಕೆ ಬೇಕು.

ಈಗ ಜಿಲ್ಲೆಯನ್ನು ನೋಡಿ. ಅಡಿಕೆಯೊಂದನ್ನೇ ನೆಚ್ಚಬೇಡಿ, ಎಲೆಚುಕ್ಕೆ, ಹಳದಿ ಎಲೆ ರೋಗ, ದರದ ಏರಿಳಿತ ಇದೆ ಎಂದು ಎಲ್ಲರೂ ಬುದ್ಧಿ ಹೇಳುತ್ತಿರುವ ಹೊತ್ತಿದು. ಬದಲಿಗೆ ಸೂಚಿಸುವ ಬೆಳೆಗಳು ಯಾವುವು? ಏಲಕ್ಕಿ, ಕಾಫಿ, ಹಣ್ಣು, ತರಕಾರಿ. ಏಲಕ್ಕಿ ಹೂವು ಒಂದೇ ದಿನದ್ದು. ಅಷ್ಟರಲ್ಲಿ ಹುಳ ಬಂದರೆ ಕಾಯಿ, ಬಾರದಿದ್ದರೆ ಉದುರುವುದೇ. ತೋಟದ ಏಲಕ್ಕಿಗೆ ತುಡುವೆ, ಹೆಜ್ಜೇನು ಬಂದರೆ, ಕಾಡಿನೊಳಗಿನ ಏಲಕ್ಕಿಗೆ ಒಂಟಿ ಜೇನುಗಳು ಹೆಚ್ಚು. ರೊಬಸ್ಟಾ ಕಾಫಿ ತನ್ನ ಗಿಡದ ಪರಾಗದಿಂದ ಕಾಯಿ ಕಟ್ಟುವುದೇ ಇಲ್ಲ. ಕರಾವಳಿಯ ಗೇರು, ಅಂಕೋಲೆಯ ಕರಿ ಇಷಾಡ ಮಾವು, ಹೊಳೆದಂಡೆಯ ಅಪ್ಪೆಮಿಡಿ, ಭತ್ತದ ನಂತರದ ಕಲ್ಲಂಗಡಿ, ಮನೆಯಂಗಳದ ಮೊಗೆಕಾಯಿ, ಕುಂಬಳ, ಹಾಗಲ ಎಲ್ಲವೂ ಕೀಟದ ಕಾಲನ್ನು ಕಾಯುವವು. ಮಾವಿನ ಹೂವಿಗೆ ಮುತ್ತುವವರಲ್ಲಿ ಪೆಟ್ಟಿಗೆಯ ತುಡುವೆಗಿಂತ ನೊಣ, ಮಿಸ್ರಿ, ಸಣ್ಣಪುಟ್ಟ ಕಾಡುಹುಳಗಳ ಸಂಖ್ಯೆಯೇ ದೊಡ್ಡದು. ಅಂದರೆ ಅಡಿಕೆಯಿಂದ ಆಚೆಗೆ ಒಂದು ಹೆಜ್ಜೆ ಇಟ್ಟ ಕೂಡಲೇ ಬೆಳೆಗಾರ ಜೇನಿನ ಋಣಕ್ಕೆ ಬೀಳುತ್ತಾನೆ.

ಬದನೆ ಹೂವಿನ ಬೀಗ

ಹಾಗಾದರೆ ಎಲ್ಲ ಕಡೆ ಪೆಟ್ಟಿಗೆ ಇಟ್ಟರಾಯಿತಲ್ಲ? ಇದಕ್ಕೆ ಬದನೆ ಹೂವೇ ಉತ್ತರ. ಬಹುತೇಕ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪರಾಗ ಹೊರಗೆ ಸಿಗುತ್ತದೆ. ಬದನೆಯಲ್ಲಿ ಹಾಗಿಲ್ಲ. ಪರಾಗಕೋಶದ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ, ಒಳಗಿನ ಪುಡಿ ಉಪ್ಪಿನ ಡಬ್ಬಿಯಲ್ಲಿದ್ದಂತೆ. ಅದನ್ನು ಅಲ್ಲಾಡಿಸಬೇಕು. ನೀಲಿ ಪಟ್ಟೆಯ ಜೇನು, ಕಪ್ಪು ದುಂಬಿ ಮುಂತಾದವು ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಮಡಚಿಟ್ಟು, ಹಾರುವ ಸ್ನಾಯುಗಳನ್ನಷ್ಟೇ ಜೋರಾಗಿ ಅದುರಿಸುತ್ತವೆ. ಗುಂಯ್ ಎಂಬ ಸದ್ದು ಹಾರುವಾಗಿನದಕ್ಕಿಂತ ತೀಕ್ಷ್ಣವಾಗಿ ಕೇಳುತ್ತದೆ, ಪರಾಗ ಚಿಮ್ಮುತ್ತದೆ. ತುಡುವೆಗೂ ಮೆಲ್ಲಿಫೆರಾಕ್ಕೂ ಈ ವಿದ್ಯೆ ಬಾರದು. ಬದನೆ ಹೊಲದ ಸುತ್ತ ಎಷ್ಟು ಪೆಟ್ಟಿಗೆ ಇಟ್ಟರೂ ಅವು ಈ ಬೀಗ ತೆಗೆಯಲಾರವು. ಗಾಳಿ ಅಲ್ಲಾಡಿಸಿದಷ್ಟು ಕಾಯಿ ಹೇಗೂ ಆಗುತ್ತದೆ, ಆದರೆ ಹುಳ ಬಂದಾಗಿನ ಗಾತ್ರ, ಸಂಖ್ಯೆ ಬರುವುದಿಲ್ಲ. ಟೊಮೆಟೊ ಹೂವಿನದೂ ಇದೇ ರೀತಿ. ನುಗ್ಗೆಯ ಹೂವಿಗೆ ಭಾರದ ಕಪ್ಪು ದುಂಬಿಯೇ ಹೆಚ್ಚು ತಕ್ಕದ್ದು.

ಬೀಗವಿಲ್ಲದ ಹೂಗಳಲ್ಲೂ ಬಗೆಬಗೆಯ ಹುಳ ಬಂದರೆ ಲಾಭವಿದೆ. ಹಲವು ದೇಶಗಳ 41 ಬೆಳೆ ವ್ಯವಸ್ಥೆಗಳ 600 ಹೊಲಗಳ ಮಾಹಿತಿಯನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಡು ಕೀಟಗಳ ಭೇಟಿ ಅಷ್ಟೇ ಪ್ರಮಾಣದ ಸಾಕುಜೇನಿನ ಭೇಟಿಗಿಂತ ಎರಡರಷ್ಟು ಕಾಯಿ ಕಟ್ಟಿಸುತ್ತದೆ ಎಂದು ತೋರಿಸಿತು. ಇಂಡೊನೇಷ್ಯಾದ ಸುಲವೇಸಿಯ ಅರೇಬಿಕಾ ಕಾಫಿ ತೋಟಗಳಲ್ಲಿ ಮೂರು ಬಗೆಯ ಜೇನು ಬರುವಲ್ಲಿ ಶೇ 60ರಷ್ಟು ಹೂವು ಕಾಯಿಯಾದರೆ, ಸುಮಾರು ಇಪ್ಪತ್ತು ಬಗೆ ಬರುವಲ್ಲಿ ಅದು ಶೇ 90ಕ್ಕೆ ಏರಿತ್ತು. ಕಾರಣ ಸರಳ. ಒಂದು ಮುಂಜಾವದ ತಂಪಿನಲ್ಲೇ ಬರುತ್ತದೆ, ಇನ್ನೊಂದು ಬಿಸಿಲೇರಿದ ಮೇಲೆ. ಒಂದು ಗಿಡದ ನೆತ್ತಿಯನ್ನು ಹುಡುಕಿದರೆ ಮತ್ತೊಂದು ನೆರಳಿನ ಬುಡವನ್ನು. ಒಂದು ವರ್ಷ ಒಂದಕ್ಕೆ ರೋಗ ಬಂದರೆ ಉಳಿದವು ಕೆಲಸ ಮುಂದುವರಿಸುತ್ತವೆ.

ಪೆಟ್ಟಿಗೆಯ ಪರ, ಪೆಟ್ಟಿಗೆಯ ಆಚೆ

ಒಂದಕ್ಕೆ ರೋಗ ಬಂದರೆ ಏನಾಗುತ್ತದೆಂದು ಮಲೆನಾಡು ಆಗಲೇ ಕಂಡಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆಯ ಮೇಲೆ ಎರಗಿ ಸಾಕಿದ ಕುಟುಂಬಗಳಲ್ಲಿ ಶೇ 90ಕ್ಕೂ ಹೆಚ್ಚನ್ನು ನೆಲಸಮ ಮಾಡಿತು. ಮರಿಹುಳಗಳು ಎರಿಯ ಕೋಣೆಯಲ್ಲೇ ನೀರುತುಂಬಿದ ಚೀಲದಂತಾಗಿ ಸಾಯುವ ಆ ರೋಗಕ್ಕೆ ಮದ್ದಿರಲಿಲ್ಲ. ವರ್ಷಗಳ ಮೇಲೆ ಪೆಟ್ಟಿಗೆಗಳು ನಿಧಾನವಾಗಿ ತುಂಬಿದ್ದು ಕಾಡಿನಲ್ಲಿ ಬದುಕುಳಿದ ಗಟ್ಟಿ ಕುಟುಂಬಗಳಿಂದ. ಈ ಅಂಶವನ್ನು ಪೆಟ್ಟಿಗೆಯ ಪರವಾದಿಗಳು ಅಷ್ಟಾಗಿ ಹೇಳುವುದಿಲ್ಲ.

ಪೆಟ್ಟಿಗೆಯ ಪರ ವಾದ ದುರ್ಬಲವೇನಲ್ಲ. 2020ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಮಿಷನ್‌ಗೆ 500 ಕೋಟಿ ರೂಪಾಯಿ ಘೋಷಿಸಿದಾಗ ಮುಂದಿಟ್ಟದ್ದು ಸಣ್ಣ ರೈತರ ಉಪ ಆದಾಯ ಮತ್ತು ಪರಾಗಸ್ಪರ್ಶ ಎರಡನ್ನೂ. ತೋಟದ ಮೂಲೆಯಲ್ಲಿ ನಾಲ್ಕು ಪೆಟ್ಟಿಗೆಯಿದ್ದ ಮನೆಯವರು ಹೂವಿನ ಹೊತ್ತಿನಲ್ಲಿ ಕೀಟನಾಶಕದ ಡಬ್ಬಿ ಮುಟ್ಟುವ ಮೊದಲು ಎರಡು ಸಲ ಯೋಚಿಸುತ್ತಾರೆ. ಅದು ಸಣ್ಣ ಲಾಭವಲ್ಲ. ಮೇಲಾಗಿ ತುಡುವೆ ಈ ನೆಲದ್ದೇ.

ಪರಿಸರ ತಜ್ಞರ ಆಕ್ಷೇಪ ಎರಡು. ಒತ್ತೊತ್ತಾಗಿ ಪೆಟ್ಟಿಗೆ ಇಟ್ಟಲ್ಲಿ ಮಕರಂದಕ್ಕಾಗಿ ಪೈಪೋಟಿ ಎದ್ದು ಒಂಟಿ ಜೇನುಗಳು ಸೋಲುತ್ತವೆ. ಕುಟುಂಬಗಳನ್ನು ಊರಿಂದೂರಿಗೆ ಸಾಗಿಸಿದಾಗ ರೋಗವೂ ಸವಾರಿ ಮಾಡುತ್ತದೆ. ಮೊದಲ ಆಕ್ಷೇಪಕ್ಕೆ ಪುರಾವೆ ಬಂದಿರುವುದು ಹೆಚ್ಚಾಗಿ ಹೊರದೇಶಗಳಲ್ಲಿ, ನೂರಾರು ಮೆಲ್ಲಿಫೆರಾ ಪೆಟ್ಟಿಗೆ ಒಂದೆಡೆ ಸೇರಿದ ಜಾಗಗಳಲ್ಲಿ. ಸಿದ್ದಾಪುರದ ತೋಟವೊಂದರ ಹತ್ತು ತುಡುವೆ ಪೆಟ್ಟಿಗೆಗೆ ಅದನ್ನು ಹಾಗೆಯೇ ಅನ್ವಯಿಸುವುದು ಅತಿಯಾದೀತು. ಎರಡನೆಯದು ಗಂಭೀರ. ಸಹಾಯಧನದ ಗುರಿ ಮುಟ್ಟಲು ದೂರದ ಜಿಲ್ಲೆಯಿಂದ ಕುಟುಂಬ ಕೊಂಡು ತರುವುದು, ಕಾಡಿನ ಪೊಟರೆಯಿಂದ ಬೇಕಾಬಿಟ್ಟಿ ಹಿಡಿದು ತರುವುದು, ಎರಡೂ 1991ರ ಪಾಠವನ್ನು ಮರೆತ ನಡೆ. ಸ್ಥಳೀಯ ಕುಟುಂಬವನ್ನೇ ಪಾಲು ಮಾಡಿ ಹೆಚ್ಚಿಸುವುದು ನಿಧಾನದ ದಾರಿ, ವಾರ್ಷಿಕ ಗುರಿಗೆ ಒಗ್ಗದ ದಾರಿ.

ಪೆಟ್ಟಿಗೆ ತಪ್ಪಲ್ಲ. ಪೆಟ್ಟಿಗೆ ಕೊಟ್ಟ ಮೇಲೆ ಪರಾಗಸ್ಪರ್ಶದ ಕೆಲಸ ಮುಗಿಯಿತೆಂದು ಕಡತ ಮುಚ್ಚುವುದು ತಪ್ಪು.

ಬೆಟ್ಟ, ಮದ್ದು, ಮಣ್ಣು

ಕಾಡುಜೇನಿಗೆ ಬೇಕಾದದ್ದು ಮೂರು: ವರ್ಷವಿಡೀ ಯಾವುದಾದರೊಂದು ಹೂವು, ಗೂಡಿಗೆ ಜಾಗ, ವಿಷವಿಲ್ಲದ ದಿನಗಳು. ಇವು ಒಂದಕ್ಕೊಂದು ಹತ್ತಿರದಲ್ಲೂ ಇರಬೇಕು. ಹೆಜ್ಜೇನು ಹಲವು ಕಿಲೋಮೀಟರ್ ಹಾರಿ ಬರಬಲ್ಲದು. ಅಕ್ಕಿಕಾಳಿನಷ್ಟು ದೊಡ್ಡ ಒಂಟಿ ಜೇನಿಗೆ ಕೆಲವು ನೂರು ಮೀಟರೇ ಲೋಕ. ಗೂಡಿನಿಂದ ಅಷ್ಟರೊಳಗೆ ಹೂವಿಲ್ಲದಿದ್ದರೆ ಅದು ವಲಸೆ ಹೋಗುವುದಿಲ್ಲ, ಮರುವರ್ಷ ಇರುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ವ್ಯವಸ್ಥೆ ಈ ಲೆಕ್ಕಕ್ಕೆ ಆಕಸ್ಮಿಕವಾಗಿ ಹೊಂದಿಕೊಂಡಿತ್ತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡನ್ನು, ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಡಲಾಯಿತು. ತೋಟದಲ್ಲಿ ಹೂವಿಲ್ಲದ ಹೊತ್ತಿನಲ್ಲಿ ಬೆಟ್ಟದಲ್ಲಿ ನೇರಳೆಯೋ ಮತ್ತಿಯೋ ಅಂಟುವಾಳವೋ ಸೀಗೆಯೋ ಅರಳಿರುತ್ತಿತ್ತು. ಬೆಟ್ಟಕ್ಕೂ ತೋಟಕ್ಕೂ ನಡುವೆ ಅಗಳ, ಅದರ ಬದಿಗೆ ಎತ್ತರದ ಧರೆ. ಆ ಬಿಸಿಲು ಬೀಳುವ ಮಣ್ಣಿನ ಗೋಡೆ ಒಂಟಿ ಜೇನುಗಳ ಕೇರಿ. ಈಗ ಸೊಪ್ಪಿನ ಕಡಿತ ಹೆಚ್ಚಾದ ಬೆಟ್ಟದಲ್ಲಿ ಮರಗಳು ಕಂಬದಂತಾಗಿವೆ. ಪ್ರತಿ ವರ್ಷ ಸವರಿದ ಟೊಂಗೆ ಹೂವು ಬಿಡುವುದಿಲ್ಲ. ಜೆಸಿಬಿ ಬಂದು ಧರೆ ಸಮತಟ್ಟಾಗಿದೆ, ಬೇಲಿಯ ಗಿಡದ ಜಾಗದಲ್ಲಿ ತಂತಿ ನಿಂತಿದೆ. ಘಟ್ಟದ ಕೆಳಗೆ ಬೋಳು ಗುಡ್ಡಗಳಿಗೆ ಅಕೇಶಿಯಾ ಹಬ್ಬಿಸಲಾಗಿದೆ. ಅದರ ಹಳದಿ ಹೂವಿನಲ್ಲಿ ಪರಾಗ ಸಿಗುತ್ತದೆ, ಮಕರಂದ ಸಿಗುವುದಿಲ್ಲ. ಹಸಿರು ಎಂದು ವರದಿಯಲ್ಲಿ ಬರೆಯಬಹುದು.

ಮದ್ದಿನ ವಿಷಯ ಹೆಚ್ಚು ಸಿಕ್ಕಲು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಳೆಗಾಲದ್ದು. ಆಗ ಹಾರುವ ಜೇನು ಕಡಿಮೆ. ಎಲೆಚುಕ್ಕೆ ಹರಡಿದ ಮೇಲೆ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ನಂತಹ ಶಿಲೀಂಧ್ರನಾಶಕಗಳು ತೋಟದ ನೆತ್ತಿಗೆ ಏರಿವೆ. ಒಂಟಿಯಾಗಿ ಇವು ಜೇನನ್ನು ಕೂಡಲೇ ಕೊಲ್ಲುವುದಿಲ್ಲ. ಆದರೆ ವಿಷವನ್ನು ಅರಗಿಸಿಕೊಳ್ಳುವ ಜೇನಿನ ದೇಹದ ಶಕ್ತಿಯನ್ನು ಈ ಗುಂಪಿನ ರಾಸಾಯನಿಕಗಳು ಕುಗ್ಗಿಸುತ್ತವೆ. ಆಮೇಲೆ ಅಲ್ಪ ಪ್ರಮಾಣದ ಕೀಟನಾಶಕ ತಗುಲಿದರೂ ಸಾಕು. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಕೂಲಿ ಉಳಿಸುವುದು ರೈತರ ದೃಷ್ಟಿಯಲ್ಲಿ ಜಾಣತನ, ಜೇನಿನ ದೃಷ್ಟಿಯಲ್ಲಿ ಅದೇ ಮಾರಕ. ಕರಾವಳಿಯ ಗೇರಿನಲ್ಲಿ ಟೀ ಸೊಳ್ಳೆ ಎಂಬ ರಸಹೀರುವ ಕೀಟಕ್ಕೆ ಶಿಫಾರಸು ಮಾಡುವ ಸಿಂಪಡಣೆಗಳಲ್ಲೊಂದು ಹೂವು ಬಿಡುವ ಹಂತಕ್ಕೇ ಬೀಳುತ್ತದೆ. ಸಿಂಪಡಿಸದಿದ್ದರೆ ಹೂಗೊಂಚಲು ಕರಕಲಾಗುತ್ತದೆ, ಬೆಳಗಿನ ಹೊತ್ತು ಸಿಂಪಡಿಸಿದರೆ ಪರಾಗ ತರುವವರು ಸಾಯುತ್ತಾರೆ. ಸಂಜೆಗೆ ಮುಂದೂಡುವುದು ಒಂದೇ ಅಗ್ಗದ ದಾರಿ. ಇಮಿಡಾಕ್ಲೋಪ್ರಿಡ್ ಸೇರಿ ನಿಯೊನಿಕೊಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳ ಬಯಲು ಬಳಕೆಯನ್ನು ಯುರೋಪಿನ ಒಕ್ಕೂಟ 2018ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಇಮಿಡಾಕ್ಲೋಪ್ರಿಡ್ ಗೊಬ್ಬರದ ಅಂಗಡಿಯ ಸಾಮಾನ್ಯ ಸರಕು. ಮಣ್ಣಿನಲ್ಲಿ ಉಳಿಯುವ ಗುಣದಿಂದಾಗಿ ನೆಲದ ಬಿಲದ ಜೇನಿಗೆ ಅದು ಇನ್ನೂ ಹತ್ತಿರದ ಶತ್ರು.

ಮೊಬೈಲ್ ಟವರ್ ಮಾತು ಇಲ್ಲಿ ಬಂದೇ ಬರುತ್ತದೆ. ಅದರ ವಿರುದ್ಧ ಇರುವ ಪುರಾವೆ ತೀರಾ ತೆಳು. ಆದರೂ ಅದು ಜನಪ್ರಿಯ, ಏಕೆಂದರೆ ಟವರ್ ಕಂಪನಿಯದು, ಮದ್ದಿನ ಡ್ರಮ್ಮು ನಮ್ಮದು.

ಕಾರವಾರದ ಸಜ್ಜಾದ ಮೇಲೆ ಹೆಜ್ಜೇನು

ಪಟ್ಟಣಗಳಲ್ಲಿ ಜೇನು ಸುದ್ದಿಯಾಗುವುದು ಒಂದೇ ಬಗೆಯಲ್ಲಿ: ನೀರಿನ ಟ್ಯಾಂಕಿನ ಅಡಿಯಲ್ಲೋ ಬಹುಮಹಡಿ ಕಟ್ಟಡದ ಸಜ್ಜಾದ ಕೆಳಗೋ ಹೆಜ್ಜೇನು ಎರಿ ಕಟ್ಟಿದಾಗ. ಭಯ ಸಕಾರಣವೇ. ಕೆರಳಿದ ಹೆಜ್ಜೇನು ಜೀವ ತೆಗೆಯಬಲ್ಲದು, ರಾತ್ರಿ ದೀಪಕ್ಕೆ ಮನೆಯೊಳಗೆ ನುಗ್ಗುತ್ತದೆ. ಹಾಗೆಂದು ಬೆಂಕಿ, ವಿಷ ಹಾಕುವುದು ಅಪಾಯವನ್ನು ಹೆಚ್ಚಿಸುತ್ತದೆ. ಹೆಜ್ಜೇನು ಋತುವಿಗೆ ತಕ್ಕಂತೆ ಬಂದು ಹೋಗುವ ವಲಸೆಯ ಜೇನು, ಮಳೆಗಾಲಕ್ಕೆ ಮುಂಚೆ ತಾನಾಗಿ ಏಳುತ್ತದೆ. ದೊಡ್ಡ ಮರಗಳಿದ್ದರೆ ಅದು ಸಜ್ಜಾಕ್ಕೆ ಬರುವ ಅಗತ್ಯವೂ ಕಡಿಮೆ. ಹೆದ್ದಾರಿ 66ರ ಅಗಲೀಕರಣದಲ್ಲಿ ಕರಾವಳಿ ಕಳೆದುಕೊಂಡದ್ದರಲ್ಲಿ ಅಂತಹ ಮರಗಳೂ ಸೇರಿವೆ.

ಹೆಜ್ಜೇನಿನ ಗದ್ದಲದಲ್ಲಿ ಪಟ್ಟಣದ ಇತರ ಜೇನುಗಳು ಕಣ್ಣಿಗೇ ಬೀಳುವುದಿಲ್ಲ. ತುಳಸಿ, ನುಗ್ಗೆ, ಕೆಂಪು ಮಣ್ಣಿನ ಬರಿಯ ಅಂಗಳವಿದ್ದ ಹಳೆಯ ಮನೆಯ ಹಿತ್ತಲು ಒಂಟಿ ಜೇನಿಗೆ ಎಷ್ಟೋ ಏಕಬೆಳೆ ತೋಟಗಳಿಗಿಂತ ಮೇಲು. ಅಲ್ಲಿಗೆ ಕುತ್ತು ತಂದದ್ದು ಕಾರ್ಖಾನೆಯಲ್ಲ, ಇಂಟರ್‌ಲಾಕ್ ಇಟ್ಟಿಗೆ. ಅಂಗಳವನ್ನು ಗೋಡೆಯಿಂದ ಗೋಡೆಗೆ ಮುಚ್ಚಿದ ದಿನ, ಕೆಳಗೆ ಬಿಲದಲ್ಲಿ ಕಾಯುತ್ತಿದ್ದ ಮುಂದಿನ ಪೀಳಿಗೆಗೆ ಬಾಗಿಲು ಹಾಕಿದಂತಾಗುತ್ತದೆ.

ಮುಂದೆ ಆಗುವುದೇನು?

ಒಂದು ಬೆಳಿಗ್ಗೆ ಎದ್ದು ನೋಡಿದಾಗ ಜೇನೇ ಇಲ್ಲ ಎಂಬಂತಹ ಘಟನೆ ನಡೆಯುವುದಿಲ್ಲ. ಆಗುವುದು ಸದ್ದಿಲ್ಲದ ಸವಕಳಿ. ಮೊಗೆಕಾಯಿಯ ಹೀಚು ಹಳದಿಯಾಗಿ ಉದುರುತ್ತದೆ, ಕಲ್ಲಂಗಡಿ ಒಂದು ಬದಿ ಸೊಟ್ಟಗೆ ಬೆಳೆಯುತ್ತದೆ. ರೈತರು ಗೊಬ್ಬರ ಸಾಲದೆಂದುಕೊಳ್ಳುತ್ತಾರೆ, ಅಂಗಡಿಯವರು ಇನ್ನೊಂದು ಬಾಟಲಿ ಕೊಡುತ್ತಾರೆ. ಹೂವಿಗೆ ಎಷ್ಟು ಹುಳ ಬಂತೆಂದು ಯಾರೂ ಎಣಿಸಿರದ ಕಾರಣ ನಿಜವಾದ ಕಾರಣ ಹೊರಬರುವುದಿಲ್ಲ.

ಜೇನಿನ ಕೆಲಸವನ್ನು ಮನುಷ್ಯ ಮಾಡಿದರೆ ಎಷ್ಟು ಬೀಳುತ್ತದೆಂಬ ಅಂದಾಜು ಮಾತ್ರ ಈ ಜಿಲ್ಲೆಗೆ ಇದೆ. ಎರಡು ಸಾವಿರದ ದಶಕದ ಆರಂಭದಲ್ಲಿ ವೆನಿಲ್ಲಾ ಹುಚ್ಚು ಹಬ್ಬಿದಾಗ ಶಿರಸಿ ಸೀಮೆಯ ಮನೆಮನೆಯಲ್ಲೂ ಬೆಳಗಿನ ಹೊತ್ತು ಹೆಂಗಸರು, ಮಕ್ಕಳು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರು. ವೆನಿಲ್ಲಾದ ಜೊತೆಗಾರ ಜೇನು ಅದರ ತವರು ಮೆಕ್ಸಿಕೋದ ಕಡೆಯದು, ಬಳ್ಳಿಯೊಂದಿಗೆ ಇಲ್ಲಿಗೆ ಬರಲಿಲ್ಲ. ಕೈಯಿಂದ ಮಾಡುವ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಕಂಡುಹಿಡಿದಿದ್ದ. ದರ ಆಕಾಶದಲ್ಲಿದ್ದಷ್ಟು ದಿನ ಆ ಕೂಲಿ ಗಿಟ್ಟಿತು, ದರ ಬಿದ್ದ ಕೂಡಲೇ ಬಳ್ಳಿಗಳನ್ನು ಕಿತ್ತೆಸೆದರು. ಕಿಲೋಗೆ ಮೂವತ್ತು ರೂಪಾಯಿಯ ಬದನೆಗೆ ಆ ಕೂಲಿಯನ್ನು ಯಾರು ಕೊಟ್ಟಾರು?

ಲೆಕ್ಕ ಇಡುವ ಜಾಗಗಳು ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ದಾಖಲಾತಿ ಇರಬೇಕು. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ, ಬೆಂಗಳೂರಿನಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೊ ಇದೆ. ಹೂ ಬಿಡುವ ಹಂಗಾಮಿನಲ್ಲಿ ಒಂದೇ ಬದನೆ ಸಾಲಿನ ಮುಂದೆ ಹದಿನೈದು ನಿಮಿಷ ಕುಳಿತು ಬಂದವರನ್ನು ಬರೆದುಕೊಳ್ಳುವುದು ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ತೊಡಕು ಬರುವುದು ಬರೆಯುವಾಗ. ಹೆಜ್ಜೇನು, ತುಡುವೆ, ಮಿಸ್ರಿ ಎಂದು ಬರೆದಾದ ಮೇಲೆ, ಹೂವನ್ನು ಕಚ್ಚಿ ಹಿಡಿದು ಗುಂಯ್‌ಗುಡುತ್ತಿರುವ ಆ ನೀಲಿ ಪಟ್ಟೆಯ ಹುಳದ ಮುಂದೆ ಯಾವ ಹೆಸರು ಬರೆಯಬೇಕು?